ಒಂದು ತುತ್ತು ಕಡಿಮೆ

ಅವರ ಬಲಗೈ ಹೆಬ್ಬೆರಳಿಗೆ ಅರ್ಧವೇ ಉಗುರು. ಮಿಕ್ಕರ್ಧವನ್ನು ಸಾಣೆಕಲ್ಲು ತಿಂದಿತ್ತು. ಕನ್ನಡಕದ ಗಾಜನ್ನು ಫ್ರೇಮಿಗೆ ಹೊಂದಿಸಲು ಈಗ ಯಂತ್ರಗಳು ಬಂದಿವೆ. ಅವರ ಕಾಲದಲ್ಲಿ ಗಾಜನ್ನು ಬೆರಳಲ್ಲೇ ಹಿಡಿದು, ನೀರು ತೊಟ್ಟಿಕ್ಕುವ ಕಲ್ಲಿನ ಮೇಲೆ ಸುತ್ತಲೂ ತಿರುಗಿಸುತ್ತ ಅಂಚು ಸವೆಸಬೇಕಿತ್ತು. ಗಾಜಿನ ಜತೆಗೆ ಉಗುರೂ ಸವೆಯುತ್ತ ಬಂತು. ಆ ಬೋಳು ಹೆಬ್ಬೆರಳು ನನ್ನ ಗಲ್ಲದ ಕೆಳಗೆ ಬಂದು ಮುಖವನ್ನು ಮೇಲೆತ್ತಿದಾಗ ನನಗೆ ಎಂಟು ವರ್ಷ. ಬೆರಳು ತಣ್ಣಗಿತ್ತು, ಒದ್ದೆಯಾಗಿತ್ತು, ವಿಭೂತಿಯ ವಾಸನೆ ಬರುತ್ತಿತ್ತು.

ಮಧುಗಿರಿ ಪೇಟೆಯಲ್ಲಿ ಬೆಟ್ಟಕ್ಕೆ ಮುಖ ಮಾಡಿದ ಒಂಟಿ ಬಾಗಿಲಿನ ಅಂಗಡಿ ಅವರದು. ಮೇಲೊಂದು ಬೋರ್ಡಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ, ಓದಲಾಗದವರೇ ತಾನೇ ಅಲ್ಲಿಗೆ ಬರುತ್ತಿದ್ದುದು. ಊರಿಗೆಲ್ಲ ಅವರು ಚಾಳೀಸಿನ ಅಯ್ನೋರು. ಶಿರಾ ಕಡೆಯವರ ಬಾಯಲ್ಲಿ ಚಶ್ಮಾ ಅಯ್ನೋರು, ಪಾವಗಡದಿಂದ ಬಂದ ತೆಲುಗು ಮಾತಿನವರಿಗೆ ಕಂಟದ್ದಾಲ ಅಯ್ಯವಾರು. ಕೊರಟಗೆರೆಯವರು ಮಾತ್ರ ಬರೀ ಅಯ್ನೋರು ಅಂದು ಕನ್ನಡಕದ ಮಾತನ್ನು ಆಮೇಲೆ ತೆಗೆಯುತ್ತಿದ್ದರು. ಯಾವ ಹೆಸರಿಗೆ ಕೂಗಿದರೂ ಓಗೊಡುತ್ತಿದ್ದರು.

ನನ್ನ ಕಣ್ಣಿನ ಕಥೆ ಶುರುವಾದದ್ದು ಶಾಲೆಯಲ್ಲಿ. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಾರೆ, ಮಕ್ಕಳು ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳುತ್ತಾರೆ, ಓದು ಅಂದರೆ ಇದೇ ಎಂದು ತಿಳಿದಿದ್ದೆ. ಮಿಕ್ಕವರಿಗೆ ಬೋರ್ಡು ಕಾಣುತ್ತದೆ ಎಂಬ ಸಂಗತಿ ನನಗೆ ಯಾರೂ ಹೇಳಿರಲಿಲ್ಲ. ಪಕ್ಕದ ಹುಡುಗಿ ಶಾಲೆಗೆ ಬರದ ದಿನ ಸಿಕ್ಕಿಬಿದ್ದೆ. ಮೇಷ್ಟ್ರು ಅಪ್ಪನನ್ನು ಕರೆಸಿ, ಮೊದಲು ಕಣ್ಣು ತೋರಿಸಿ ಅಂದರು.

ಅವ್ವ ಒಪ್ಪಲಿಲ್ಲ. ಎಂಟು ವರ್ಷದ ಹೆಣ್ಣಿಗೆ ಕನ್ನಡಕ ಏರಿಸಿದರೆ ನಾಳೆ ಯಾರು ಮಾಡಿಕೊಳ್ಳುತ್ತಾರೆ, ಹಾಕಿದಷ್ಟೂ ಕಣ್ಣು ಕೆಡುತ್ತದೆ, ಹೊನಗೊನ್ನೆ ಸೊಪ್ಪು ತಿನ್ನಿಸಿದರೆ ಸರಿಹೋಗುತ್ತದೆ ಎಂದು ಮೂರು ದಿನ ವಾದ ಮಾಡಿದಳು. ಅಪ್ಪ ಲೈನ್‌ಮನ್. ಮಾತು ಕಡಿಮೆ. ಮೂರನೆಯ ದಿನ ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಬುದ್ಧನ ಪಟದ ಪಕ್ಕ, ನೀಲಿ ಕೋಟು ತೊಟ್ಟು ಪುಸ್ತಕ ಹಿಡಿದವರ ಪಟವಿತ್ತು.

"ಅವ್ರೂ ಕನ್ನಡಕ ಹಾಕವ್ರೆ ಕಣೆ," ಅಂದ. ಅವ್ವ ಎದ್ದು ನನ್ನ ತಲೆ ಬಾಚತೊಡಗಿದಳು.

ಅಂಗಡಿಯ ಮೆಟ್ಟಿಲ ತನಕ ಬಂದ ಅವ್ವ ಅಲ್ಲೇ ನಿಂತುಬಿಟ್ಟಳು. ಅಯ್ನೋರ ಹಣೆಯ ಮೇಲಿನ ಮೂರು ಪಟ್ಟೆ, ಕೊರಳಿನ ಲಿಂಗದ ಕರಡಿಗೆ ಕಂಡದ್ದೇ ಅವಳ ಕಾಲು ತಾವಾಗಿ ನಿಂತವು. ನಮ್ಮ ಕೇರಿಯ ಹೆಂಗಸರ ಕಾಲಿಗೆ ಈ ಪಾಠವನ್ನು ಎಷ್ಟೋ ತಲೆಮಾರಿನ ಹಿಂದೆಯೇ ಕಲಿಸಿದ್ದರು. ಬೀದಿಯಿಂದಲೇ, ಮಗುವಿನ ಕಣ್ಣು ನೋಡಬೇಕಿತ್ತು ಬುದ್ಧಿ, ಅಂದಳು. ಅವರು ಸಾಣೆಕಲ್ಲಿನಿಂದ ತಲೆಯೆತ್ತಲೂ ಇಲ್ಲ.

"ಬೀದೀಲಿ ನಿಂತ್ರೆ ಹೆಂಗವ್ವ ನೋಡ್ಲಿ? ಒಳಗ್ ಬಾ. ಗಲ್ಲ ಹಿಡೀದೆ ಕಣ್ಣು ನೋಡಕ್ಕಾಗಲ್ಲ."

ಅಷ್ಟೇ. ಉಪದೇಶವಿಲ್ಲ, ದೊಡ್ಡತನದ ನಗುವಿಲ್ಲ. ಅವ್ವ ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು. ಆ ಒದ್ದೆ ಹೆಬ್ಬೆರಳು ನನ್ನ ಮುಖವನ್ನೆತ್ತಿತು. ಭಾರದ ಕಬ್ಬಿಣದ ಫ್ರೇಮೊಂದನ್ನು ನನ್ನ ಮೂಗಿನ ಮೇಲೆ ಕೂರಿಸಿ, ಮರದ ಪೆಟ್ಟಿಗೆಯಿಂದ ಒಂದೊಂದೇ ಗಾಜು ತೆಗೆದು ಅದರಲ್ಲಿ ಇಳಿಸುತ್ತ, ಇದು ಚೆಂದವೋ ಅದು ಚೆಂದವೋ ಎಂದು ಸೀರೆ ಅಂಗಡಿಯವರ ಹಾಗೆ ಕೇಳುತ್ತ ಹೋದರು. ನಡುವೆ ನನ್ನ ವಯಸ್ಸು ಕೇಳಿದರು. ಎಂಟು ಅಂದೆ.

"ಚಾಳೀಸು ಅಂದ್ರೆ ಏನ್ ಗೊತ್ತೇನವ್ವ? ಸಾಬ್ರ ಮಾತಲ್ಲಿ ನಲವತ್ತು. ನಲವತ್ತಕ್ಕೆ ಬರೋದು ಅಂತ ಅದಕ್ಕೆ ಆ ಹೆಸರು. ನೀನು ಮೂವತ್ತೆರಡು ವರ್ಸ ಮುಂಚೆನೇ ಬಂದ್ಬುಟ್ಟಿದೀಯಲ್ಲ."

ವಾರದ ಮೇಲೆ ಕನ್ನಡಕ ಸಿದ್ಧವಾಯಿತು. ಕಿವಿಗೆ ಸಿಕ್ಕಿಸಿ, ನನ್ನ ಕೈ ಹಿಡಿದು ಬೀದಿಗೆ ಕರೆತಂದರು. ಅಕ್ಷರದ ಪಟ ಗೋಡೆಯಲ್ಲಿ ಇದ್ದರೂ ಮಕ್ಕಳಿಗೆ ಅವರ ಪರೀಕ್ಷೆ ಒಂದೇ: ಬೆಟ್ಟದ ಮೇಲೆ ಏನಿದೆ ಹೇಳು. ಮಧುಗಿರಿ ಬೆಟ್ಟ ಒಂದೇ ಕಲ್ಲು ಎಂದು ಪಾಠದಲ್ಲಿ ಓದಿದ್ದೆ. ನನಗೆ ಅದು ಕಲ್ಲೂ ಆಗಿರಲಿಲ್ಲ, ಆಕಾಶದ ಬುಡದಲ್ಲಿ ಯಾರೋ ಒರೆಸಿದ ಮಸಿಯ ಹಾಗಿತ್ತು. ಆ ದಿನ ನೋಡುತ್ತೇನೆ, ಕಲ್ಲಿನ ಮೇಲೆ ಗೋಡೆ ಹತ್ತಿ ಹೋಗುತ್ತಿದೆ. ಗೋಡೆಗೆ ಬುರುಜುಗಳಿವೆ. ಮಳೆನೀರು ಇಳಿದ ಗೆರೆಗಳು ಕಾಣುತ್ತಿವೆ. ಮೆಟ್ಟಿಲ ಸಾಲಿನಲ್ಲಿ ಇರುವೆ ಗಾತ್ರದ ಜನ, ಅವರಲ್ಲೊಬ್ಬರದು ಕೆಂಪು ಬಟ್ಟೆ. ನನಗೆ ಅಳು ಬಂತು. ಇದೆಲ್ಲ ಮೊದಲೇ ಇತ್ತಾ ಎಂದು ಕೇಳಿದೆ. ನೂರಾರು ವರ್ಷದಿಂದ ಇದೆ, ನೀನೇ ತಡ, ಅಂದರು.

ಆಮೇಲೆ ಮಾಡಿದ್ದನ್ನು ನಾನು ಇವತ್ತಿಗೂ ನನ್ನ ತರಗತಿಯಲ್ಲಿ ಮಾಡಿ ತೋರಿಸುತ್ತೇನೆ. ಬಾಗಿಲನ್ನು ಅರ್ಧ ಮುಚ್ಚಿ, ನಡು ಉಬ್ಬಿದ ಒಂದು ಗಾಜನ್ನು ಬೆಳಕಿಗೆ ಹಿಡಿದು, ಅದರ ಹಿಂದೆ ಬಿಳಿ ಕಾಗದ ಇಟ್ಟರು. ಕಾಗದವನ್ನು ಹಿಂದೆ ಮುಂದೆ ಮಾಡುತ್ತಿದ್ದ ಹಾಗೆ ಒಮ್ಮೆಲೇ ಅದರ ಮೇಲೆ ಬೆಟ್ಟ ಬಂದು ಕೂತಿತು. ತಲೆಕೆಳಗಾದ ಬೆಟ್ಟ, ಬಣ್ಣದ ಸಮೇತ. ಕೆಳಗೆ ಆಕಾಶ, ಮೇಲೆ ಬೀದಿ, ಬೀದಿಯಲ್ಲಿ ತಲೆಕೆಳಗಾಗಿ ಸೈಕಲ್ ಹೊಡೆಯುವವರು. ಅವ್ವ ಬೆಂಚಿನಿಂದ ಎದ್ದು ಬಂದು ಬಗ್ಗಿ ನೋಡಿದಳು. ಎಲ್ಲರ ಕಣ್ಣೊಳಗೂ ಇದೇ ನಡೆಯುತ್ತಿದೆ, ಕಾಗದದ ಜಾಗದಲ್ಲಿ ಒಂದು ಪರದೆ ಇದೆ ಅಂದರು. ಆಮೇಲೆ ಕಾಗದವನ್ನು ಕೊಂಚ ಹಿಂದಕ್ಕೆ ಸರಿಸಿದರು. ಬೆಟ್ಟ ಕರಗಿ ಮತ್ತೆ ಮಸಿಯಾಯಿತು.

"ನಿನ್ನ ಕಣ್ಣುಗುಡ್ಡೆ ಒಂಚೂರು ಉದ್ದ ಬೆಳ್ದೈತೆ ಕಣವ್ವ. ಪರದೆ ಹಿಂದಕ್ ಹೋಗೈತೆ. ಚಿತ್ರ ಅದಕ್ಕಿಂತ ಮುಂಚೆನೇ ಕೂತ್ಬುಡ್ತದೆ. ತೆಪ್ಪು ನಿಂದಲ್ಲ, ಬೆಳೆಯೋ ಮಕ್ಳು ಬೆಳೀತವೆ."

ನನ್ನ ಕನ್ನಡಕವನ್ನೇ ತೆಗೆದುಕೊಂಡು, ನಡು ತೆಳುವಾಗಿ ಅಂಚು ದಪ್ಪವಾದ ಆ ಗಾಜನ್ನು ಉಬ್ಬುಗಾಜಿನ ಮುಂದೆ ಹಿಡಿದರು. ಹಿಂದೆ ಸರಿದಿದ್ದ ಕಾಗದದ ಮೇಲೆ ಬೆಟ್ಟ ತಿರುಗಿ ಬಂತು. ತೀರ ಸಣ್ಣ ಒಂದೆರಡು ಬುರುಜು ಮಾತ್ರ ಮಸುಕಾಗಿದ್ದವು. ಅದನ್ನು ನಾನು ಗಮನಿಸಿದೆ. ಆದರೆ ಕೇಳಲಿಲ್ಲ. ಎಂಟು ವರ್ಷದವಳಿಗೆ ಅಷ್ಟು ಸಿಕ್ಕಿದ್ದೇ ಅರಮನೆ ಸಿಕ್ಕಿದ ಹಾಗಿತ್ತು.

ಆ ಮಸುಕಿಗೆ ಕಾರಣವಿತ್ತು, ಅದನ್ನು ಅವರು ಮುಚ್ಚಿಯೂ ಇಡಲಿಲ್ಲ. ಮಕ್ಕಳಿಗೆ ಅವರು ಎಂದೂ ಪೂರ್ತಿ ನಂಬರ್ ಕೊಡುತ್ತಿರಲಿಲ್ಲ. ಎರಡೂವರೆ ಬೇಕಿದ್ದರೆ ಎರಡು. ಅವರ ಗುರುಗಳು ಹೇಳಿಕೊಟ್ಟದ್ದು ಹಾಗೆ. ಒಂದು ತುತ್ತು ಕಡಿಮೆ ಉಂಡವನಿಗೆ ವೈದ್ಯರ ಮನೆ ಗೊತ್ತಿರುವುದಿಲ್ಲ, ಕಣ್ಣಿಗೂ ಅಷ್ಟೇ, ಹೊಟ್ಟೆ ತುಂಬ ಕೊಟ್ಟರೆ ಸೋಮಾರಿಯಾಗಿ ಇನ್ನಷ್ಟು ಕೇಳುತ್ತದೆ ಎಂದು ಅವ್ವನಿಗೆ ವಿವರಿಸಿದರು. ಅವ್ವನಿಗೆ ಇದು ಎಷ್ಟು ಹಿಡಿಸಿತೆಂದರೆ, ಕನ್ನಡಕ ಹಾಕಿದರೆ ಕಣ್ಣು ಕೆಡುತ್ತದೆ ಎಂಬ ಹಟವನ್ನು ಅಲ್ಲೇ ಬಿಟ್ಟಳು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅಯ್ನೋರ ಕೈಯಿಂದ ಕನ್ನಡಕ ಹಾಕಿಸಿಕೊಂಡ ಮಕ್ಕಳೆಲ್ಲ ಹೀಗೆ ಒಂದು ತುತ್ತು ಕಡಿಮೆ ಉಂಡೇ ಬೆಳೆದೆವು.

ಪ್ರತಿವರ್ಷ ಹೋಗುತ್ತಿದ್ದೆ. ಪ್ರತಿವರ್ಷ ನಂಬರ್ ಏರುತ್ತಿತ್ತು. ಗಾಜು ಬರುತ್ತಿದ್ದ ಕಾಗದದ ಲಕೋಟೆಯ ಮೇಲೆ ನನ್ನ ಹೆಸರು, ಊರು ಬರೆದು, ಕೆಳಗೆ ಪೆನ್ಸಿಲಿನಲ್ಲಿ ಏನೋ ಗೀಚಿ ಮೇಜಿನ ಖಾನೆಗೆ ಹಾಕುತ್ತಿದ್ದರು. ಹೆಸರು ಹಿಡಿದು ಕರೆದವರೇ ಅಲ್ಲ. ನಾನು ಬಂದರೆ, ಮೈನಸ್ ನಾಲ್ಕು ಬಂದಳು ನೋಡು ಎಂದು ಒಳಗಿದ್ದ ಹೆಂಡತಿಗೆ ಕೂಗುತ್ತಿದ್ದರು, ಅಜ್ಜಿ ಮಂಡಕ್ಕಿ ತರುತ್ತಿದ್ದರು. ಹತ್ತನೆಯ ತರಗತಿಯಲ್ಲಿ ನಾನು ಶಾಲೆಗೇ ಮೊದಲು ಬಂದಾಗ ಅವರು ನನ್ನ ಮುಖ ನೋಡಲಿಲ್ಲ, ಕನ್ನಡಕ ಕಿತ್ತುಕೊಂಡು ಬಟ್ಟೆಯಲ್ಲಿ ಒರೆಸಿ, ಇಷ್ಟು ಕೊಳಕು ಗಾಜಿನಲ್ಲಿ ಓದಿಯೂ ಪಾಸಾದೆಯಲ್ಲ ಅಂದರು. ಟೀಚರಾದೆ. ಅವ್ವನ ಭಯ ಸುಳ್ಳಾಗಿ ಮದುವೆಯೂ ಆಯಿತು. ನಂಬರ್ ಒಂಬತ್ತಕ್ಕೆ ಹೋಗಿ ನಿಂತಿತು.

ಮಗಳಿಗೆ ಏಳು ವರ್ಷವಾಗಿದ್ದಾಗ ನನಗೆ ಪಾವಗಡದ ಕಡೆ ವರ್ಗವಾಯಿತು. ಶಾಲೆ ವಳ್ಳೂರಿನ ಹತ್ತಿರ. ಮೊದಲ ದಿನ ಬಸ್ಸಿನಲ್ಲಿ ಅವಳು ಕಿಟಕಿಗೆ ಅಂಟಿಕೊಂಡು, ಅಮ್ಮ ಎಷ್ಟು ದೊಡ್ಡ ಕೆರೆ, ಅಂದಳು. ಬಸ್ಸಿನಲ್ಲಿದ್ದವರು ನಕ್ಕರು. ಹೊಸಬರೆಲ್ಲ ಬೀಳುವ ಗುಂಡಿ ಅದು. ದೂರಕ್ಕೆ ಸೋಲಾರ್ ಹಲಗೆಗಳು ನೀಲಿಯಾಗಿ ಹೊಳೆದು ನೀರಿನ ಹಾಗೇ ಕಾಣುತ್ತವೆ. ನಾನೂ ನಕ್ಕೆ. ಬಸ್ಸು ಹತ್ತಿರ ಹೋಯಿತು. ನನಗೆ ಸಾಲುಗಳು ಬಿಡಿಸಿಕೊಂಡವು, ಕಂಬಗಳು ಕಂಡವು, ಬೇಲಿಯ ತಂತಿ ಕಂಡಿತು. ಅವಳು ಇನ್ನೂ ಕೆರೆಯನ್ನೇ ನೋಡುತ್ತಿದ್ದಳು. ಬೇಲಿ ಬಸ್ಸಿನ ಪಕ್ಕಕ್ಕೇ ಬಂದಾಗ, ಅಯ್ಯೋ ನೀರು ಎಲ್ಲಿ ಹೋಯಿತು, ಅಂದಳು. ನಾನು ಅವಳ ಗಲ್ಲ ಹಿಡಿದು ಮುಖ ತಿರುಗಿಸಿ ನೋಡಿದೆ. ಆ ವೇಳೆಗಾಗಲೇ ತುಮಕೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಕಣ್ಣಿನ ಹಿಂದಿನ ಪರದೆ ತೆಳುವಾಗಿದೆ, ಕಿತ್ತುಕೊಂಡರೆ ದೃಷ್ಟಿ ಹೋದೀತು, ವರ್ಷವರ್ಷವೂ ತೋರಿಸಬೇಕು ಎಂದು ಹೇಳಿಸಿಕೊಂಡು ಬಂದವಳು ನಾನು. ಮಗಳು ನನ್ನ ದಾರಿಯಲ್ಲೇ ಹೊರಟಿದ್ದಾಳೆ ಎಂಬುದು ಆ ಬೇಲಿಯ ಪಕ್ಕದಲ್ಲಿ ಗೊತ್ತಾಯಿತು.

ಭಾನುವಾರವೇ ಮಧುಗಿರಿಗೆ ಓಡಿದೆ. ಅಯ್ನೋರಿಗೆ ಎಪ್ಪತ್ತು ದಾಟಿತ್ತು. ಮಗಳ ಗಲ್ಲ ಹಿಡಿದರು, ಗಾಜು ಹಾಕಿದರು, ತೆಗೆದರು. ಒಂದೂಮುಕ್ಕಾಲು, ಅಂದರು. ಹಾಗಾದರೆ ಒಂದೂಕಾಲು ಕೊಡುತ್ತೀರಾ ಎಂದು ನಾನೇ ಕೇಳಿದೆ. ಲೆಕ್ಕ ನನಗೂ ಬಾಯಿಪಾಠವಾಗಿತ್ತು. ಅವರು ಪೆಟ್ಟಿಗೆಯ ಮುಚ್ಚಳ ಮುಚ್ಚಿದರು. ಬೆಂಚಿನ ಮೇಲೆ, ಅವತ್ತು ಅವ್ವ ಕೂತಿದ್ದ ತುದಿಯಲ್ಲಿ, ನನ್ನ ಪಕ್ಕ ಬಂದು ಕೂತರು.

"ಕಮ್ಮಿ ನಾನು ಕೊಡಲ್ಲ ಕಣವ್ವ. ನಿನ್ ನಂಬರ್ ಒಂಬತ್ತು, ಇವಳ್ನ ತುಮಕೂರಿಗೆ ಕರ್ಕೊಂಡೋಗು. ನಾನ್ ಇಷ್ಟು ವರ್ಸ ಮಾಡಿದ್ದು ತೆಪ್ಪು ಅಂತೆ."

ಆರು ತಿಂಗಳ ಹಿಂದೆ ಕೊರಟಗೆರೆಯಲ್ಲಿ ನಡೆದ ಕಣ್ಣಿನ ಶಿಬಿರಕ್ಕೆ ಕೈಲಾದ ಸಹಾಯ ಮಾಡಲು ಹೋಗಿದ್ದರಂತೆ. ಬಂದಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಊಟದ ಹೊತ್ತಿನಲ್ಲಿ ಇವರು ಹೆಮ್ಮೆಯಿಂದ ತಮ್ಮ ತುತ್ತಿನ ಮಾತು ಹೇಳಿದ್ದಾರೆ. ಆಕೆ ನಗಲಿಲ್ಲ. ಮಕ್ಕಳಿಗೆ ಕಡಿಮೆ ನಂಬರ್ ಕೊಟ್ಟರೆ ಕಣ್ಣು ಉದ್ದವಾಗುವುದು ನಿಲ್ಲುವುದಿಲ್ಲ ಅಜ್ಜ, ಕೆಲವು ಮಕ್ಕಳಿಗೆ ಇನ್ನೂ ಬೇಗ ಏರಲೂಬಹುದು, ಪೂರ್ತಿ ಕೊಡಿ ಎಂದು ಮೆಲ್ಲಗೆ ಹೇಳಿದ್ದಾಳೆ. ಅಂದಿನಿಂದ ಹೊಸ ಮಕ್ಕಳಿಗೆ ಪೂರ್ತಿ ಕೊಡುತ್ತಿದ್ದರು. ಹಳಬರಿಗೆ ಹೇಳುವ ಧೈರ್ಯ ಬಂದಿರಲಿಲ್ಲ. ನಾನು ಮಗಳನ್ನು ಕರೆತಂದ ಮೇಲೆ ಹೇಳದೆ ಉಳಿಯುವ ದಾರಿ ಇರಲಿಲ್ಲ.

ನನಗೆ ಕೋಪ ಬಂತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ನನಗೆ ಬೆಟ್ಟ ಕೊಟ್ಟವರೇ ಎರಡು ಬುರುಜು ತಮ್ಮಲ್ಲೇ ಇಟ್ಟುಕೊಂಡಿದ್ದರು. ನನ್ನ ಒಂಬತ್ತು ನಂಬರಿಗೆ, ತೆಳುವಾದ ಪರದೆಗೆ ಅವರೇ ಕಾರಣವೋ ಏನೋ. ಅದನ್ನು ಯಾರೂ ಖಚಿತವಾಗಿ ಹೇಳಲಾರರು ಎಂದು ಆಮೇಲೆ ತುಮಕೂರಿನ ಡಾಕ್ಟರು ಹೇಳಿದರು, ಆದರೆ ಆ ಭಾನುವಾರ ನನಗೆ ಡಾಕ್ಟರ ಮಾತು ತಿಳಿದಿರಲಿಲ್ಲ. ಟೀಚರಿನ ದನಿಯಲ್ಲಿ ಒಂದೇ ಪ್ರಶ್ನೆ ಕೇಳಿದೆ.

"ನೀವು ಕಮ್ಮಿ ಕೊಟ್ಟಿರೋ ಮಕ್ಕಳಲ್ಲಿ ಇನ್ನೂ ಬೆಳೀತಿರೋರು ಎಷ್ಟು ಜನ ಅವ್ರೆ ಅಯ್ನೋರೆ?"

ಅವರು ಎದ್ದರು. ಮೇಜಿನ ಖಾನೆಯನ್ನು ಪೂರ್ತಿ ಹೊರಗೆಳೆದು ತಂದು ಬೆಂಚಿನ ಮೇಲಿಟ್ಟರು. ಲಕೋಟೆಗಳು ತುಂಬಿ ತುಳುಕುತ್ತಿದ್ದವು. ನಾನು, ಅವರು, ಅಜ್ಜಿ ಕೂತು ದೊಡ್ಡವರದನ್ನು ಒಂದು ಕಡೆ, ಮಕ್ಕಳದನ್ನು ಒಂದು ಕಡೆ ಹಾಕಿದೆವು. ಮಗಳು ಊರಿನ ಹೆಸರು ಕೂಡಿಸಿ ಓದಿ ಹೇಳಿದಳು, ಲಕೋಟೆಯನ್ನು ಮೂಗಿಗೆ ಹಿಡಿದುಕೊಂಡು.

ಮಾರನೆಯ ವಾರದಿಂದ ಅಯ್ನೋರು ಅಂಗಡಿಗೆ ಅರ್ಧ ದಿನ ಬಾಗಿಲು ಹಾಕತೊಡಗಿದರು. ಮರದ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಕಟ್ಟಿ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. ಒಂದು ದಿನ ಕೊರಟಗೆರೆ, ಒಂದು ದಿನ ತಿರುಮಣಿ. ಮನೆ ಹುಡುಕಿ, ಮಗುವಿನ ಗಲ್ಲ ಹಿಡಿದು ನೋಡಿ, ವಾರದ ಮೇಲೆ ಪೂರ್ತಿ ನಂಬರಿನ ಗಾಜು ತಂದು ತಾವೇ ಕೂರಿಸಿ ಬರುತ್ತಿದ್ದರು. ರಜೆಯಲ್ಲಿ ಒಮ್ಮೆ ನಾನೂ ಜತೆಗೆ ಹೋದೆ, ಶಿರಾದ ಆಚೆ ಮದಲೂರಿಗೆ. ಆರನೆಯ ತರಗತಿಯ ಹುಡುಗಿ. ತಂದೆ ಕೆರೆ ಕೆಳಗಿನ ಜಮೀನಿನಿಂದ ಕಾಲು ತೊಳೆದುಕೊಂಡು ಬಂದ. ಅಯ್ನೋರು ನೀರು ಕುಡಿಯುವ ಮೊದಲೇ, ನಾನು ನಿಮ್ಮ ಮಗಳಿಗೆ ತಪ್ಪು ಗಾಜು ಕೊಟ್ಟಿದ್ದೆ, ಸರಿ ಮಾಡಲು ಬಂದಿದ್ದೇನೆ, ಅಂದರು. ಆತ ಗಾಬರಿಯಾಗಿ ಚಾಪೆ ಹಾಸಿದ.

"ನೀವಾಗಿ ಹೇಳ್ದಿದ್ರೆ ನಮಗೆಲ್ಲಿ ಗೊತ್ತಾಗ್ತಿತ್ತು ಬುಡಿ ಅಯ್ನೋರೆ," ಅಂದ, ಸಮಾಧಾನ ಮಾಡುವವನಂತೆ.

"ನನಗ್ ಗೊತ್ತಾಗಿತ್ತಲ್ಲಪ್ಪ," ಅಂದರು ಅಯ್ನೋರು.

ನನ್ನ ಕೋಪ ಎಲ್ಲಿ ಹೋಯಿತೆಂದು ಯಾರಾದರೂ ಕೇಳಿದರೆ ಮದಲೂರಿನ ಆ ಚಾಪೆಯನ್ನು ತೋರಿಸುತ್ತೇನೆ. ನಾನು ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ. ಮಗ್ಗಿ ತಪ್ಪು ಹೇಳಿಕೊಟ್ಟಿದ್ದರೆ ಅದನ್ನು ಮಾರನೆಯ ದಿನ ತರಗತಿಯ ಮುಂದೆ ಒಪ್ಪಿಕೊಳ್ಳುವುದೇ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಈ ಮನುಷ್ಯ ಜೀವಮಾನದ ಹೆಸರನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಊರೂರಿಗೆ ಹೋಗಿ ಬಿಚ್ಚಿ ಬರುತ್ತಿದ್ದರು. ಇಂಥವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಮಗಳಿಗೆ ತುಮಕೂರಿನ ಡಾಕ್ಟರು ಎರಡು ಔಷಧಿ ಹೇಳಿದರು. ಒಂದು, ದಿನಕ್ಕೆ ಎರಡು ಗಂಟೆ ಬಯಲಿನಲ್ಲಿ ಆಟ. ಹಗಲಿನ ಬೆಳಕು ಬೆಳೆಯುವ ಕಣ್ಣಿಗೆ ಕಡಿವಾಣ ಹಾಕುತ್ತದಂತೆ. ಇದನ್ನು ಅಯ್ನೋರಿಗೆ ಹೇಳಿದಾಗ ತುಂಬ ಹೊತ್ತು ನಕ್ಕರು. ನಮ್ಮ ಸೀಮೆಯಲ್ಲಿ ಏನಕ್ಕೆ ಬರ ಬಂದರೂ ಬಿಸಿಲಿಗೆ ಬಂದಿಲ್ಲ, ಬೈದುಕೊಂಡು ಓಡಾಡಿದ ಬಿಸಿಲೇ ಔಷಧಿ ಅಂದರೆ ಆ ಶಿವನ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ, ಅಂದರು. ಇನ್ನೊಂದು, ಹೊಸ ಬಗೆಯ ಗಾಜು. ಅದನ್ನು ಫ್ರೇಮಿಗೆ ತಾವೇ ಕೂರಿಸುತ್ತೇನೆಂದು ಹಟ ಹಿಡಿದರು. ಗಾಜನ್ನು ಕಿಟಕಿಗೆ ಹಿಡಿದು ಓರೆ ಮಾಡಿ, ನೇರ ಮಾಡಿ, ಬೋಳು ಹೆಬ್ಬೆರಳಿನಿಂದ ಸವರಿ ನೋಡಿದರು. ನಡುವೆ ಎಲ್ಲ ಗಾಜಿನಂತೆ ನಿಚ್ಚಳ. ಸುತ್ತ ಮಾತ್ರ ರಾಗಿಗಿಂತ ಸಣ್ಣ ಚುಕ್ಕೆಗಳು ನೂರಾರು, ಒಂದೊಂದೂ ತಾನೇ ಒಂದು ಗಾಜು. ಡಾಕ್ಟರು ವಿವರಿಸಿದ್ದನ್ನು ನಾನು ಹೇಳಿದೆ. ನಡುವಿನಿಂದ ಬಂದ ಬೆಳಕು ಪರದೆಯ ಮೇಲೆ ಸರಿಯಾಗಿ ಕೂರುತ್ತದೆ. ಚುಕ್ಕೆಗಳಿಂದ ಬಂದದ್ದು ಪರದೆಗಿಂತ ಮುಂದೆಯೇ ನಿಂತು, ಹಿಂದಕ್ಕೆ ಬೆಳೆಯಬೇಡ ಎಂದು ಕಣ್ಣಿಗೆ ಸನ್ನೆ ಮಾಡುತ್ತದೆ. ಏರುವುದು ಪೂರ್ತಿ ನಿಲ್ಲದಿರಬಹುದು, ನಿಧಾನವಾಗುತ್ತದೆ. ಅವರು ಗಾಜನ್ನು ಕೆಳಗಿಡಲಿಲ್ಲ.

"ಕಣ್ಣಿಗೆ ಹಸಿವು ಕಟ್ಟಿಸ್ಬೇಕು ಅಂತ ನಾನು ತಿಳ್ದಿದ್ದೆ," ಅಂದರು. "ಇವ್ರು ಉಣ್ಣಕ್ಕಿಕ್ಕಿ ಬುದ್ಧಿ ಹೇಳವ್ರೆ."

ಕೂರಿಸಿದ ಮೇಲೆ ಮಗಳ ಕೈ ಹಿಡಿದು ಬೀದಿಗೆ ಹೊರಟರು. ಬೆಟ್ಟದ ಮೇಲೆ ಏನಿದೆ ಎಂದು ಕೇಳಿದರು. ಅವಳು ಎಲ್ಲ ಬುರುಜುಗಳನ್ನೂ ಎಣಿಸಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಮಾರನೆಯ ದಿನ ವಳ್ಳೂರಿನ ಬಸ್ಸಿನಲ್ಲಿ, ಎಲ್ಲರಿಗಿಂತ ಮೊದಲು, ಅದು ಕೆರೆ ಅಲ್ಲ ಅಮ್ಮ, ಸಾಲು ಸಾಲು, ಅಂದಳು.

ಅಯ್ನೋರು ಹೋದ ವರ್ಷ ತೀರಿಕೊಂಡರು. ಬೆಳಗ್ಗೆ ಪೂಜೆ ಮುಗಿಸಿ ಎದ್ದವರು ಮತ್ತೆ ಅಲ್ಲೇ ಕೂತರಂತೆ. ಸಮಾಧಿಯ ಹತ್ತಿರ ಕನ್ನಡಕದ ಮಕ್ಕಳೇ ಒಂದು ಸಾಲು ನಿಂತಿದ್ದರು. ನನಗೀಗ ನಲವತ್ತೊಂದು. ಈಚೆಗೆ ಓದುವಾಗ ಕನ್ನಡಕ ತೆಗೆಯಬೇಕಾಗಿದೆ, ಅದನ್ನು ಹಾಕಿಕೊಂಡರೆ ಹತ್ತಿರದ ಅಕ್ಷರ ಕದಡುತ್ತದೆ. ನಿಜವಾದ ಚಾಳೀಸು ಬಂತು ಅಯ್ನೋರೆ, ಈ ಸಲ ಸರಿಯಾದ ವಯಸ್ಸಿಗೆ ಬಂದಿದ್ದೇನೆ ಎಂದು ಹೇಳಬೇಕೆನ್ನಿಸಿತು. ಹೇಳುವವರಿಲ್ಲದೆ ಅಂಗಡಿಗೇ ಹೋದೆ. ಅಜ್ಜಿ ಮಂಡಕ್ಕಿ ಕೊಟ್ಟರು, ಜತೆಗೆ ದಾರ ಕಟ್ಟಿದ ಒಂದು ಕಟ್ಟು. ನಿನ್ನವು, ನಿನ್ನ ಮಗಳವು, ಕೊಡು ಅಂತ ಹೇಳಿದ್ದರು, ಅಂದರು.

ನನ್ನ ಲಕೋಟೆಗಳು ಮೇಲಿದ್ದವು. ಹೆಸರು, ಊರು, ಕೆಳಗೆ ಪೆನ್ಸಿಲಿನಲ್ಲಿ ಎರಡು ಸಾಲು. ಅವರು ಗೀಚುತ್ತಿದ್ದುದು ಏನೆಂದು ಆಗ ತಿಳಿಯಿತು. ಕಂಡದ್ದು ಎರಡೂವರೆ, ಕೊಟ್ಟದ್ದು ಎರಡು. ಕಂಡದ್ದು ನಾಲ್ಕೂವರೆ, ಕೊಟ್ಟದ್ದು ನಾಲ್ಕು. ವರ್ಷ ವರ್ಷವೂ ಹಾಗೆ, ಒಂದನ್ನೂ ತಿದ್ದಿರಲಿಲ್ಲ, ಅಳಿಸಿರಲಿಲ್ಲ. ಎಲ್ಲಕ್ಕಿಂತ ಕೆಳಗೆ ಮಗಳ ಮೊದಲನೆಯದು. ವಯಸ್ಸಿಗೆ ಅಕ್ಷರ ಕುಣಿದಿತ್ತು. ಕನ್ನಡಕ ತೆಗೆದು ಹತ್ತಿರ ಹಿಡಿದು ಓದಿದೆ. ಕಂಡದ್ದು ಒಂದೂಮುಕ್ಕಾಲು. ಕೊಟ್ಟದ್ದು ಒಂದೂಮುಕ್ಕಾಲು. ಅದರ ಕೆಳಗೆ, ಬೇರೆ ಯಾವ ಲಕೋಟೆಯ ಮೇಲೂ ಇಲ್ಲದ ಎರಡು ಮಾತು ಬರೆದಿದ್ದರು: ಹೊಟ್ಟೆ ತುಂಬ.